ಸೋಪಿನ ಡಬ್ಬಿಯ ಆಟ

ರೇಡಿಯೋ ರಿಪೇರಿ ಮಾಡುವವನಿಗೆ ಹೆಣ್ಣು ಕೊಡಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ನನಗೆ ಯಾರೂ ಕೊಡುತ್ತಿರಲಿಲ್ಲ. ಎಂಬತ್ತರ ದಶಕದ ಶುರುವಿನ ಮಾತು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನ ಅಂಗಡಿ. ಮನೆಯಲ್ಲಿ ನಾನು, ನಮ್ಮವ್ವ ಇಬ್ಬರೇ. ದುಡಿಮೆಗೆ ಏನೂ ಕಮ್ಮಿ ಇರಲಿಲ್ಲ. ದೋಷವಿದ್ದದ್ದು ನನ್ನ ಕೈಯಲ್ಲಿ. ಬಿಚ್ಚುವಂಥದ್ದು ಏನೇ ಕಣ್ಣಿಗೆ ಬೀಳಲಿ, ಬಿಚ್ಚದೆ ಇರಲು ಆ ಕೈಗೆ ಆಗುತ್ತಿರಲಿಲ್ಲ.

ಕೆರೆಬಿಳಚಿಗೆ ಹೆಣ್ಣು ನೋಡಲು ಹೋದಾಗ ಅವರ ಮನೆಯ ಗೂಡಿನಲ್ಲಿ ಹಾಡದೆ ಕೂತಿದ್ದ ಒಂದು ರೇಡಿಯೋ ಕಂಡಿತು. ಉಪ್ಪಿಟ್ಟು ಬರುವಷ್ಟರಲ್ಲಿ ಅದರ ಹಿಂಭಾಗ ಬಿಚ್ಚಿದ್ದೆ. ಹೆಣ್ಣು ಬಂತಂತೆ, ನಮಸ್ಕಾರ ಮಾಡಿತಂತೆ, ಒಳಗೆ ಹೋಯಿತಂತೆ. ಎಲ್ಲವೂ ಅಂತೆ, ಏಕೆಂದರೆ ಆ ಹೊತ್ತಿಗೆ ನಾನು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ತಂತಿಯೊಂದನ್ನು ಎಳೆಯುತ್ತಿದ್ದೆ. ವಾರದ ನಂತರ ಹೇಳಿ ಕಳಿಸಿದರು. ‘ರೇಡಿಯೋ ಚೆನ್ನಾಗಿ ಹಾಡ್ತೈತೆ. ಹುಡುಗ ಬ್ಯಾಡ.’ ಉಬ್ರಾಣಿಯವರು ಅಷ್ಟು ಮರ್ಯಾದೆಯನ್ನೂ ತೋರಿಸಲಿಲ್ಲ. ‘ಆ ಹುಡುಗ ಒಂದು ಕಡೆ ಕೂರಲ್ಲ, ಲಿಂಗಪೂಜೆಗೂ ಕೂರಲ್ಲವಂತೆ’ ಎಂದರು. ಅದು ನಿಜವೇ. ನಮ್ಮ ಮನೆತನದಲ್ಲಿ ಎಲ್ಲರೂ ಬೆಳಿಗ್ಗೆ ಮಣೆಯ ಮೇಲೆ ಕೂತು, ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡು, ರೆಪ್ಪೆ ಮಿಟುಕಿಸದೆ ನೋಡುತ್ತ ಪೂಜೆ ಮಾಡುವವರು. ನಾನು ಕೂತರೆ ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ಎದ್ದುಬಿಡುತ್ತಿದ್ದೆ.

ಇಂಥ ದಿನಗಳಲ್ಲಿ ಜಗಳೂರಿನ ಲಾರಿ ಮಾಲೀಕರೊಬ್ಬರು ಒಂದು ವಸ್ತು ತಂದುಕೊಟ್ಟರು. ಬೊಂಬಾಯಿಗೆ ಲೋಡು ಹೋದಾಗ ಕೊಂಡದ್ದಂತೆ. ಅಂಗೈಯಗಲದ ಆಟದ ಡಬ್ಬಿ. ಅದರ ಗಾಜಿನೊಳಗೆ ಒಬ್ಬ ಪುಟ್ಟ ಕರಿ ಮನುಷ್ಯ ಓಡುತ್ತಾನೆ, ಮೇಲಿಂದ ಬೀಳುವುದನ್ನು ಹಿಡಿಯುತ್ತಾನೆ, ಗುಂಡಿ ಒತ್ತಿ ಅವನನ್ನು ಓಡಿಸುವುದು ನಾವು. ಸೆಲ್ಲು ಸೋರಿ ಒಳಗೆ ತುಕ್ಕು ಹಿಡಿದಿತ್ತು, ಅಷ್ಟೇ. ಅರ್ಧ ಗಂಟೆಯ ಕೆಲಸ. ನಾನು ಅದನ್ನು ಹದಿನೈದು ದಿನ ಇಟ್ಟುಕೊಂಡೆ. ‘ಪಾರ್ಟು ಸಿಕ್ಕಿಲ್ಲ ರೀ’ ಎಂದು ಮೂರು ಸಲ ಸುಳ್ಳು ಹೇಳಿದೆ. ಕೊನೆಗೆ ಅವರೇ ಖುದ್ದಾಗಿ ಬಂದು, ನಾನು ಆಡುತ್ತಿರುವಾಗಲೇ ಕೈಯಿಂದ ಕಸಿದುಕೊಂಡು, ‘ಭೇಷ್, ಪಾರ್ಟು ಸಿಕ್ಕಂಗೈತೆ’ ಎಂದು ಹೋದರು.

ಅವರು ಹೋದ ಮೇಲೆ ಅಂಗಡಿ ಬಿಕೋ ಎನ್ನಿಸಿತು. ಅಂಥದ್ದನ್ನು ಕೊಳ್ಳುವುದು ನನ್ನಿಂದ ಆಗುವ ಮಾತಲ್ಲ. ಸರಿ, ಅವರು ಮಾಡಿದ್ದನ್ನು ನಾನೂ ಮಾಡುತ್ತೇನೆ ಎಂದು ಹಟ ಹಿಡಿದೆ. ನನ್ನ ಹಟ ನಮ್ಮವ್ವನ ಕಡೆಯಿಂದ ಬಂದದ್ದು, ಆಕೆ ಅದನ್ನು ಒಪ್ಪುವುದಿಲ್ಲ.

ಕರಿ ಮನುಷ್ಯನನ್ನು ಓಡಿಸಲು ನನ್ನ ಯೋಗ್ಯತೆ ಸಾಲದು ಎಂದು ಎರಡೇ ದಿನದಲ್ಲಿ ಗೊತ್ತಾಯಿತು. ಅದಕ್ಕೇ ಆಟವನ್ನು ಸಣ್ಣದು ಮಾಡಿದೆ. ಸಾಲಾಗಿ ಏಳು ಪುಟ್ಟ ಕೆಂಪು ದೀಪ. ಒಂದಾದ ಮೇಲೊಂದು ಹತ್ತಿ ಬೆಳಕು ಓಡುತ್ತಿರಬೇಕು. ನಡುವಿನ ದೀಪಕ್ಕೆ ಬಂದ ಗಳಿಗೆಗೆ ಸರಿಯಾಗಿ ಗುಂಡಿ ಒತ್ತಿದರೆ ಅಲ್ಲೇ ನಿಲ್ಲುತ್ತದೆ, ನಾವು ಗೆದ್ದ ಹಾಗೆ. ಒಂದು ಚೂರು ತಪ್ಪಿದರೆ ಪಕ್ಕದ ದೀಪದಲ್ಲಿ ನಿಂತು ಅಣಕಿಸುತ್ತದೆ. ಸತ್ತ ಟ್ರಾನ್ಸಿಸ್ಟರೊಂದರ ವಾಲ್ಯೂಮ್ ಗುಂಡಿ ಹಾಕಿದೆ, ತಿರುಗಿಸಿದರೆ ಓಟ ಜೋರಾಗುತ್ತದೆ. ದೀಪಗಳನ್ನೂ ಅವುಗಳನ್ನು ಓಡಿಸುವ ಎರಡು ಐಸಿ ಚಿಪ್‌ಗಳನ್ನೂ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕೊಟ್ಟು ತರಿಸಿದೆ. ಆ ಮಹಾರಾಯ ಐಸಿಗಳನ್ನು ಟಿಕೆಟ್ಟಿನ ಪೆಟ್ಟಿಗೆಯಲ್ಲಿ ಚಿಲ್ಲರೆಯ ಜೊತೆಗೆ ಹಾಕಿಕೊಂಡು ಬಂದಿದ್ದ. ಎಲ್ಲ ಕಾಲುಗಳೂ ಸೊಟ್ಟ. ಹುಬ್ಬು ಕೀಳುವ ಚಿಮಟದಿಂದ ಒಂದೊಂದೇ ಕಾಲು ನೆಟ್ಟಗೆ ಮಾಡುತ್ತ ಒಂದು ಮಧ್ಯಾಹ್ನ ಕಳೆದೆ.

ಮಿಕ್ಕದ್ದೆಲ್ಲ ಮನೆಯದೇ. ಡಬ್ಬಿ ನನ್ನ ಸೋಪಿನದು, ಗುಲಾಬಿ ಬಣ್ಣದ್ದು. ಒತ್ತುವ ಗುಂಡಿಗೆ ಏನೂ ಸಿಗದೆ ಅವ್ವನ ಹಬ್ಬದ ಜಂಪರಿನ ಟಿಚ್ ಬಟನ್ ಒಂದನ್ನು ಕತ್ತರಿಸಿ, ಕೆಳಗೆ ಹಾಲಿನ ಪುಡಿ ಡಬ್ಬದ ತಗಡಿನ ಪಟ್ಟಿ ಇಟ್ಟೆ. ಅವ್ವ ಅದನ್ನು ಕಂಡುಹಿಡಿದದ್ದು ನೆಂಟರ ಮದುವೆಗೆ ಹೊರಟಾಗ. ಆ ದಿನದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕರೆಂಟು ಇಲ್ಲದಾಗ ಬೆಸುಗೆ ಕಡ್ಡಿಯನ್ನು ಒಲೆಯ ಕೆಂಡದಲ್ಲಿ ಕಾಯಿಸಿ ಕೆಲಸ ಸಾಗಿಸಿದೆ. ಗಿರಾಕಿಗಳು ಬಿಟ್ಟುಹೋದ ಹಳೇ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಬಿಸಿಲಿಗೆ ಒಣಗಿಸಿ ಜೀವ ತರಿಸಿದೆ. ಬಿಸಿಲು ಕುಡಿದ ಸೆಲ್ಲು ಇನ್ನೊಂದಿಷ್ಟು ದಿನ ಉಸಿರಾಡುತ್ತದೆ, ಇದು ಆಗ ಎಲ್ಲರಿಗೂ ಗೊತ್ತಿದ್ದ ವಿದ್ಯೆ.

ಇಷ್ಟೆಲ್ಲ ಆಗಿ ಸೆಲ್ಲು ಹಾಕಿದರೆ ದೀಪ ಹತ್ತಲೇ ಇಲ್ಲ. ಮೂರು ದಿನ ತಲೆ ಚಚ್ಚಿಕೊಂಡೆ. ನಾಲ್ಕನೆಯ ದಿನ ಟವೆಲ್ ಮುಸುಕು ಹಾಕಿಕೊಂಡು ನೋಡಿದಾಗ ತಿಳಿಯಿತು, ದೀಪ ಮೊದಲಿನಿಂದಲೂ ಓಡುತ್ತಲೇ ಇತ್ತು. ಮುದಿ ಸೆಲ್ಲಿಗೆ ಅದು ಎಷ್ಟು ಮಂಕಾಗಿ ಉರಿಯುತ್ತಿತ್ತೆಂದರೆ ಹಗಲಿನಲ್ಲಿ ಕಾಣುತ್ತಿರಲಿಲ್ಲ. ಆಡಬೇಕಾದರೆ ಕತ್ತಲು ಬೇಕು. ನಮ್ಮ ಮನೆಯಲ್ಲಿ ಹಗಲೂ ಕತ್ತಲಿರುವ ಜಾಗ ಒಂದೇ, ದೇವರ ಕೋಣೆ. ಅದಕ್ಕೆ ಕಿಟಕಿಯೇ ಇಲ್ಲ. ಆದರೆ ಅಲ್ಲಿಗೆ ಹೋಗಲು ಅವ್ವನ ಕಾನೂನು ಇತ್ತು. ಸ್ನಾನ ಮಾಡಿರಬೇಕು, ಹಣೆಗೆ ವಿಭೂತಿ ಹಚ್ಚಿರಬೇಕು, ಅಂಗಿ ತೆಗೆದಿರಬೇಕು, ಮಣೆ ಹಾಕಿಕೊಂಡೇ ಕೂರಬೇಕು.

‘ಒಳಗೆ ಏನರ ಹಾಳು ಮಾಡ್ಕೋ, ಮೈಲಿಗೆ ಮಾತ್ರ ಮಾಡ್ಬ್ಯಾಡ’ ಎಂದಳು ಅವ್ವ.

ಹಾಗಾಗಿ ದಿನಾ ಬೆಳಿಗ್ಗೆ ಮಿಂದು, ಮೂರು ಬೆರಳು ವಿಭೂತಿ ಎಳೆದುಕೊಂಡು, ಬರಿಮೈಯಲ್ಲಿ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಎಡ ಅಂಗೈಯಲ್ಲಿ ಸೋಪಿನ ಡಬ್ಬಿ ಇಟ್ಟುಕೊಂಡು ಆಡಲು ಕೂರತೊಡಗಿದೆ.

ಇದರ ನಡುವೆಯೇ ಹೊನ್ನಾಳಿಯ ಸಂಬಂಧ ಬಂತು. ಹುಡುಗಿಯ ತಂದೆಗೆ ಅಲ್ಲಿ ಬಟ್ಟೆ ಅಂಗಡಿ. ಪೂಜೆ ಪುನಸ್ಕಾರದಲ್ಲಿ ಊರಿಗೇ ಹೆಸರಾದವರು. ಹುಡುಗಿ ನ್ಯಾಮತಿಯ ಶಾಲೆಯಲ್ಲಿ ಟೀಚರು. ಹೊರಡುವ ಮೊದಲು ಅವ್ವ ನನ್ನ ಜೇಬು ಮುಟ್ಟಿ ನೋಡಿ ಸ್ಕ್ರೂಡ್ರೈವರ್ ಕಿತ್ತುಕೊಂಡಳು. ಅವರ ಮನೆಯ ರೇಡಿಯೋ ಎದುರಿಗೇ ಇತ್ತು. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಚಹಾ ತಂದ ಹುಡುಗಿ ಲೋಟ ಕೊಟ್ಟವಳು ತಾನೇ ಕೇಳಿದಳು.

‘ನಮ್ಮ ರೇಡಿಯೋ ಹಗಲಲ್ಲಿ ಚೆನ್ನಾಗಿರ್ತೈತೆ. ಸಂಜೆ ಆದ್ರೆ ನಾಲ್ಕು ಸ್ಟೇಷನ್ ಒಟ್ಟಿಗೆ ಬಂದು ಜಗಳ ಆಡ್ತಾವೆ. ಯಾಕೆ ರೀ?’

ನಾನು ಹೇಳಲು ಶುರು ಮಾಡಿದೆ. ಚಹಾ ಆರಿಹೋಯಿತು. ಅವ್ವ ಎರಡು ಸಲ ಕೆಮ್ಮಿದಳು. ಹುಡುಗಿ ಮಾತ್ರ ಆಕಳಿಸಲಿಲ್ಲ. ಮಧ್ಯೆ ಎರಡು ಪ್ರಶ್ನೆಯನ್ನೂ ಕೇಳಿದಳು, ಅದರಲ್ಲಿ ಒಂದಕ್ಕೆ ನನಗೆ ಉತ್ತರ ಬರಲಿಲ್ಲ. ಹೊನ್ನಾಳಿಯಿಂದ ಬಸ್ಸು ಹತ್ತುವಾಗ ನನಗೆ ಖಂಡಿತವಾಗಿ ಗೊತ್ತಿತ್ತು, ಮದುವೆ ಅಂತ ಆದರೆ ಈಕೆಯನ್ನೇ, ಇಲ್ಲದಿದ್ದರೆ ಇಲ್ಲ. ಆಕೆಯ ತಂದೆ ಮಾತ್ರ ‘ವಿಚಾರ ಮಾಡಿ ಹೇಳ್ತೀವಿ’ ಎಂದಿದ್ದರು. ಆ ಮಾತಿನ ಅರ್ಥ ಕೆರೆಬಿಳಚಿಯಲ್ಲೂ ಉಬ್ರಾಣಿಯಲ್ಲೂ ನನಗೆ ಚೆನ್ನಾಗಿ ಗೊತ್ತಾಗಿತ್ತು.

ಹತ್ತು ದಿನ ಸುದ್ದಿ ಇಲ್ಲ. ಹನ್ನೊಂದನೆಯ ಬೆಳಿಗ್ಗೆ ನಾನು ದೇವರ ಕೋಣೆಯಲ್ಲಿದ್ದೆ. ಆ ದಿನ ವಾಲ್ಯೂಮ್ ಗುಂಡಿಯನ್ನು ಪೂರ್ತಿ ತಿರುಗಿಸಿದ್ದೆ. ಸತತ ಹತ್ತು ಸಲ ನಡುದೀಪ ಹಿಡಿಯದೆ ಏಳುವುದಿಲ್ಲ ಎಂದು ಪಣ ತೊಟ್ಟಿದ್ದೆ. ಎಂಟಕ್ಕೆ ಬಂದು ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ‘ಶಿವಾ’ ಎನ್ನುತ್ತಿದ್ದೆ, ಮತ್ತೆ ಶುರು ಮಾಡುತ್ತಿದ್ದೆ. ರೆಪ್ಪೆ ಬಡಿದರೆ ದೀಪ ದಾಟಿಹೋಗುತ್ತದೆ ಎಂದು ರೆಪ್ಪೆ ಬಡಿಯುತ್ತಿರಲಿಲ್ಲ, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಹತ್ತು ಆಯಿತು. ಎದ್ದು ಹೊರಗೆ ಬಂದರೆ ನಡುಮನೆಯಲ್ಲಿ ಅವ್ವ ಹಿಟ್ಟಿನ ಡಬ್ಬ ಕಂಕುಳಲ್ಲಿಟ್ಟುಕೊಂಡು, ಎಂದೂ ಕಾಣದ ಮುಖ ಮಾಡಿಕೊಂಡು ನಿಂತಿದ್ದಳು.

‘ಹೊನ್ನಾಳಿ ಯಜಮಾನ್ರು ಬಂದಿದ್ರು, ಹುಡುಗಿ ಅಪ್ಪ. ಅರ್ಧ ತಾಸು ಬಾಗಿಲಾಗೆ ಕೈ ಮುಗ್ಕೊಂಡು ನಿಂತಿದ್ರು. ಈಗ ಹೋದ್ರು.’

ನಡೆದದ್ದು ಇಷ್ಟು. ಹುಡುಗ ಮನೆಯಲ್ಲಿ ಹೇಗಿರುತ್ತಾನೆ ಎಂದು ಹೇಳದೆ ಕೇಳದೆ ಬಂದು ನೋಡುವುದು ಹೆಣ್ಣಿನ ಕಡೆಯವರ ಹಳೇ ಪದ್ಧತಿ. ಅವ್ವ ಗಿರಣಿಗೆ ಹೋಗಿದ್ದಳು. ತೆರೆದ ಬಾಗಿಲಿಂದ ಒಳಗೆ ಬಂದ ಯಜಮಾನರಿಗೆ ಕಂಡದ್ದು ನನ್ನ ಬೆನ್ನು, ಎತ್ತಿ ಹಿಡಿದ ಎಡಗೈ, ಬಾಗಿದ ತಲೆ, ಓರೆಯಲ್ಲಿ ಒಂದು ಕೆನ್ನೆ. ಅವ್ವ ಗಿರಣಿಯಿಂದ ಬಂದಾಗ ಅವರು ತುಟಿಯ ಮೇಲೆ ಬೆರಳಿಟ್ಟು ಆಕೆಯನ್ನೇ ಸುಮ್ಮನಿರಿಸಿದರಂತೆ. ಆಮೇಲೆ ಪಿಸುದನಿಯಲ್ಲಿ ‘ದಿನಾ ಹಿಂಗೇನಾ?’ ಎಂದು ಕೇಳಿದರಂತೆ.

‘ದಿನಾ ಹಿಂಗೇ ರೀ. ಕೂತ್ರೆ ಊಟದ ಕಡೆ ಗ್ಯಾನ ಇರಲ್ಲ. ಕರೆದ್ರೂ ಕೇಳಲ್ಲ’ ಎಂದಿದ್ದಳು ಅವ್ವ.

‘ಅವ್ವಾ, ನೀನು ಹೇಳ್ಬೇಕಿತ್ತಲ್ಲ?’ ಎಂದೆ.

‘ಏನು ಹೇಳ್ಬೇಕಿತ್ತು? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದು ಸುಳ್ಳೂ ಹೇಳಿಲ್ಲ. ನೀನು ಬಾಯಿ ಮುಚ್ಕೊಂಡು ತಾಳಿ ಕಟ್ಟು.’

ಮೂರನೆಯ ದಿನ ಹೊನ್ನಾಳಿಯಿಂದ ಒಪ್ಪಿಗೆ ಬಂತು. ಜೊತೆಗೆ ಒಂದು ಮಾತು. ಎಲೆ ಅಡಿಕೆ ಹಿಡಿದು ಸಂಬಂಧ ಗಟ್ಟಿ ಮಾಡುವ ಮೊದಲು ಹುಡುಗ ಒಬ್ಬನೇ ಬರಬೇಕು, ಯಜಮಾನರು ಗುಟ್ಟಾಗಿ ಒಂದು ವಿಷಯ ಕೇಳಬೇಕಂತೆ. ಆ ಬರುವ ಸೋಮವಾರವೇ. ನನ್ನ ಪರಿಸ್ಥಿತಿ ಬಿಸಿ ತುಪ್ಪದ್ದಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಊರೂರು ತಿರುಗಿತ್ತು. ಯಜಮಾನರು ಅಂಗಡಿಗೆ ಬಂದವರಿಗೆಲ್ಲ ಸೀರೆ ಬಿಚ್ಚಿ ತೋರಿಸುತ್ತ ಅಳಿಯನ ನಿಷ್ಠೆಯನ್ನು ವರ್ಣಿಸುತ್ತಿದ್ದರಂತೆ. ‘ಕೆನ್ನೆ ಮೇಲೆ ಕೆಂಪಗೆ ತೇಜಸ್ಸು ಬರೋದು ಹೋಗೋದು ಮಾಡ್ತಿತ್ತು. ಕಣ್ಣಾಗೆ ಧಾರಾಕಾರ ನೀರು. ಬಾಯಲ್ಲಿ ಶಿವ ಬಿಟ್ರೆ ಬ್ಯಾರೆ ಮಾತಿಲ್ಲ.’ ಹೊನ್ನಾಳಿ ಬಸ್ಸಿನ ಡ್ರೈವರು ನನ್ನನ್ನು ಕಂಡು ‘ಶರಣು’ ಎಂದ. ಒಬ್ಬ ಗಿರಾಕಿ ಚಪ್ಪಲಿ ಹೊರಗೆ ಬಿಟ್ಟು ಅಂಗಡಿಯೊಳಗೆ ಬಂದ. ಸೂಳೆಕೆರೆಯಲ್ಲಿ ಮೀನು ಹಿಡಿಯುವ ಹಿರಿಯನೊಬ್ಬ ನೀರಿಗೆ ಬಿದ್ದ ಟ್ರಾನ್ಸಿಸ್ಟರ್ ತಂದಿಟ್ಟ. ಬಿಚ್ಚಲು ಹೋದರೆ ತಡೆದ.

‘ಬಿಚ್ಚೋದು ಗಿಚ್ಚೋದು ಬ್ಯಾಡ ಸ್ವಾಮಿ. ಒಂದು ಸಲ ಕೈ ಇಟ್ಟು ಕೊಡ್ರಿ, ಸಾಕು.’

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಕಷ್ಟಪಟ್ಟು ಕಲಿತ ಕೆಲಸಕ್ಕೆ ಯಾರೂ ಕೈ ಮುಗಿದಿರಲಿಲ್ಲ. ಅವನನ್ನು ಬೈದು, ಬಿಚ್ಚಿ, ಒಣಗಿಸಿ, ಸರಿ ಮಾಡಿ ಕೊಟ್ಟೆ. ಅವನು ಅದನ್ನೂ ಪವಾಡದ ಲೆಕ್ಕಕ್ಕೇ ಸೇರಿಸಿಕೊಂಡು ಹೋದ.

ಶನಿವಾರ ಶಾಲೆ ಬಿಟ್ಟ ಮೇಲೆ ಹುಡುಗಿ ತನ್ನ ಚಿಕ್ಕಮ್ಮನನ್ನು ಕರೆದುಕೊಂಡು ಅಂಗಡಿಗೇ ಬಂದಳು. ಕೈಯಲ್ಲಿ ಸಂಜೆ ಜಗಳವಾಡುವ ಆ ರೇಡಿಯೋ. ಚಿಕ್ಕಮ್ಮ ಹೊರಗೆ ಬಳೆಯವಳ ಹತ್ತಿರ ನಿಂತರು. ನನ್ನ ಮೇಜಿನ ಮೇಲೆ ಸೋಪಿನ ಡಬ್ಬಿ ಇತ್ತು. ಆಕೆ ಅದನ್ನೇ ಎತ್ತಿಕೊಂಡಳು, ತಿರುಗಿಸಿ ನೋಡಿದಳು, ಟಿಚ್ ಬಟನ್ ಒತ್ತಿದಳು, ಅಂಗೈ ಮರೆ ಮಾಡಿ ಒಳಗೆ ಇಣುಕಿದಳು. ಎರಡು ಆಟ ಆಡಿದಳು. ಎರಡನೆಯದರಲ್ಲಿ ನಡುದೀಪ ಹಿಡಿದಳು. ನನಗೆ ಅದು ಸಾಧ್ಯವಾದದ್ದು ಎರಡು ವಾರದ ಮೇಲೆ.

‘ಅಪ್ಪಾಜಿ ನೋಡಿದ ತೇಜಸ್ಸು ಇದೇನಾ?’ ಎಂದಳು.

ನಾನು ತಲೆ ಆಡಿಸಿದೆ. ಆಕೆಗೆ ನಗು ತಡೆಯಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಮುಖ ಗಂಭೀರವಾಯಿತು.

‘ಸೋಮವಾರ ನೀವು ಹೇಳ್ತೀರೋ, ನಾನೇ ಹೇಳ್ಲೋ?’

‘ಹೇಳಿದ್ರೆ ನಿಮ್ಮಪ್ಪಾಜಿ ಒಲ್ಲೆ ಅಂತಾರೆ.’

‘ಅನ್ನಬೌದು.’

‘ಅಂದ್ರೆ?’

‘ಅಂದ್ರೆ ನನಗೆ ಬಾಳ ಬ್ಯಾಸರ ಆಗ್ತೈತೆ’ ಎಂದಳು. ‘ಆದ್ರೆ ಜೀವಮಾನ ಪೂರ್ತಿ ಅಪ್ಪಾಜಿ ಮುಂದೆ ನಿಮ್ಮ ಸುಳ್ಳನ್ನ ಕಾಯೋ ಕೆಲಸ ನನ್ನಿಂದ ಆಗಲ್ಲ ರೀ.’

ರೇಡಿಯೋ ಬಿಟ್ಟು ಹೋದಳು. ಅದು ರಿಪೇರಿಗೆ ಬಂದದ್ದಲ್ಲ ಎಂದು ಗೊತ್ತಿದ್ದರೂ ಭಾನುವಾರ ಪೂರ್ತಿ ಅದನ್ನು ಒರೆಸುತ್ತ ಕೂತೆ.

ಸೋಮವಾರ ಬೆಳಿಗ್ಗೆ ಹೊನ್ನಾಳಿಗೆ ಹೋದೆ. ಜೇಬಿನಲ್ಲಿ ಸೋಪಿನ ಡಬ್ಬಿ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಯಾವುದೂ ನೆಟ್ಟಗಾಗಲಿಲ್ಲ. ಯಜಮಾನರು ಅಂಗಡಿಯ ಹಿಂದಿನ ಗೋಡೌನಿಗೆ ಕರೆದೊಯ್ದು, ಬಟ್ಟೆಯ ಮೂಟೆಯ ಮೇಲೆ ನನ್ನನ್ನು ಕೂರಿಸಿ, ಬಾಗಿಲು ಮುಂದಕ್ಕೆ ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

‘ನಿಮ್ಮಿಂದ ಒಂದು ತಿಳ್ಕೋಬೇಕು. ನಗಬಾರದು. ನಲವತ್ತು ವರ್ಷದಿಂದ ದಿನಾ ಲಿಂಗಪೂಜೆ ಮಾಡ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ. ಒಂದು ದಿನಾನೂ ಮನಸ್ಸು ನಿಂತಿಲ್ಲ. ಅಂಗೈ ಮ್ಯಾಲೆ ಲಿಂಗ ಇರ್ತೈತೆ, ತಲೆಯಾಗೆ ಪತ್ತಲ, ಜಂಪರು, ಲುಂಗಿ. ಊರೋರು ನನ್ನ ಕಾಲಿಗೆ ಬೀಳ್ತಾರೆ. ನನಗೆ ನಾಚಿಕೆ ಆಗ್ತೈತೆ. ಅವತ್ತು ನಿಮ್ಮನ್ನ ನೋಡಿ ನಿಂತಲ್ಲೇ ಅಳು ಬಂತು. ಈ ವಯಸ್ಸಿಗೆ ಇದು ಇವರಿಗೆ ಹೆಂಗೆ ದಕ್ಕಿತು ಅಂತ. ಹೆಂಗೆ ರೀ ನಿಲ್ಲಿಸ್ತೀರಿ ಮನಸ್ಸು?’

ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ನಾನು ಭೂಮಿಗೆ ಇಳಿದುಹೋದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಪರೀಕ್ಷೆ ಮಾಡಿದ್ದರೆ ಹೇಗೋ ಜಾರಿಕೊಳ್ಳುತ್ತಿದ್ದೆ. ಈಗ ನಾಲ್ಕು ಒಳ್ಳೆಯ ಮಾತು ಹೇಳಿದರೆ ಸಾಕಿತ್ತು, ಅವರು ನಂಬುತ್ತಿದ್ದರು, ಹುಡುಗಿ ನನಗೆ ಸಿಗುತ್ತಿದ್ದಳು, ಆಕೆ ತಾನಾಗಿ ಬಾಯಿ ಬಿಡುವ ತನಕವಾದರೂ. ಆ ಮಾತುಗಳು ನಾಲಿಗೆಯ ತುದಿಗೂ ಬಂದವು. ಆದರೆ ಆ ಮುಖ ನೋಡುತ್ತ ಹೇಳಲು ಆಗಲಿಲ್ಲ. ಜೇಬಿನಿಂದ ಡಬ್ಬಿ ತೆಗೆದು ಅವರ ಅಂಗೈಯಲ್ಲಿಟ್ಟೆ.

‘ನಾನು ಅವತ್ತು ನೋಡ್ತಿದ್ದದ್ದು ಇದನ್ನ ರೀ.’

ಗೋಡೌನಿನ ಮಬ್ಬಿನಲ್ಲಿ ದೀಪ ಓಡಿತು. ಹೇಗೆ ಒತ್ತಬೇಕು ಎಂದು ಹೇಳಿಕೊಟ್ಟೆ. ಅವರು ಒತ್ತಿದರು, ತಪ್ಪಿತು. ಮತ್ತೆ ಒತ್ತಿದರು, ಮತ್ತೆ ತಪ್ಪಿತು. ಐದಾರು ಸಲವಾದ ಮೇಲೆ ಡಬ್ಬಿಯನ್ನು ಪಕ್ಕಕ್ಕಿಟ್ಟರು.

‘ಹಂಗಾರೆ ಅದು ಪೂಜೆ ಅಲ್ಲ.’

‘ಅಲ್ಲ ರೀ.’

‘ಹೊನ್ನಾಳಿ ತುಂಬಾ ಹೇಳ್ಕೊಂಡು ಬಂದೀನಲ್ಲೋ ಮಾರಾಯ.’ ಮೊದಲ ಸಲ ಏಕವಚನ ಬಂತು. ಮುಖ ಕೆಂಪಗಾಗಿತ್ತು. ಎದ್ದು ಬಾಗಿಲವರೆಗೂ ಹೋದರು. ಸಂಬಂಧ ಮುರಿಯಿತು ಎಂದು ನಾನೂ ಎದ್ದೆ. ಅವರು ತಿರುಗಿ ನಿಂತರು.

‘ನೀವು ಸುಮ್ನೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಯಾಕೆ ಹೇಳಿದ್ರಿ?’

‘ನೀವು ನಿಮ್ಮದು ಹೇಳಿದ್ರಲ್ಲ, ಅದಕ್ಕೆ.’

ಹೊರಗೆ ಯಾರೋ ಗಿರಾಕಿ ಲಂಗದ ಬಟ್ಟೆ ಕೇಳುತ್ತಿದ್ದರು. ಯಜಮಾನರು ಬಂದು ನನ್ನ ಪಕ್ಕದಲ್ಲೇ ಮೂಟೆಯ ಮೇಲೆ ಕೂತರು.

‘ಈ ಮಾತನ್ನ ನಾನು ನನ್ನ ಹೆಂಡ್ತಿಗೂ ಹೇಳಿಲ್ಲ’ ಎಂದರು. ‘ಗುರುಗಳ ಮುಂದೂ ಆಡಿಲ್ಲ. ಈಗ ನಿಮಗೊಬ್ಬರಿಗೆ ಗೊತ್ತಾತು. ಮನೆ ಗುಟ್ಟು ಹೊರಗಿನವರ ಹತ್ರ ಇರಬಾರದು.’

‘ನಾನು ಯಾರಿಗೂ ಹೇಳಲ್ಲ ರೀ.’

‘ಹೊರಗಿನವರನ್ನ ಹೆಂಗೆ ನಂಬಾಕಾಗ್ತೈತೆ?’ ಎಂದರು. ‘ನೀವು ಒಳಗಿನವರೇ ಆಗಿಬಿಡ್ರಿ. ಬ್ಯಾರೆ ದಾರಿ ಇಲ್ಲ.’

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಸಾಕು ಸಾಕು ಎನ್ನುತ್ತ ತೋಳು ಹಿಡಿದು ಎತ್ತಿದರು, ಹಿಡಿದ ತೋಳನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಆ ಗುರುವಾರ ಎಲೆ ಅಡಿಕೆ ಹಿಡಿದೆವು. ಗೋಡೌನಿನಲ್ಲಿ ಅಪ್ಪಾಜಿ ಕೇಳಿದ್ದೇನು ಎಂದು ನನ್ನ ಹೆಂಡತಿ ಮದುವೆಯಾದ ದಿನದಿಂದ ಕೇಳುತ್ತಲೇ ಬಂದಳು. ಅವರು ಬದುಕಿರುವ ತನಕ ನಾನು ಹೇಳಲಿಲ್ಲ, ಅವರು ಹೋದ ಮೇಲೂ ಬಾಯಿ ಬರಲಿಲ್ಲ. ಈ ಪುಟಗಳನ್ನು ಮೊದಲು ಓದುವವಳು ಆಕೆಯೇ. ಓದಿ ಅಳುತ್ತಾಳೆ, ಆಮೇಲೆ ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ನನ್ನನ್ನು ಚೆನ್ನಾಗಿ ಬೈಯುತ್ತಾಳೆ.